ಗೌಡ್ರ ಡಬ್ಬಿ

ಭಾನುವಾರ, 24 ಆಗಸ್ಟ್ 2025
ಹಾಸನ

ಇಂಟರ್ನಲ್ಸ್ ಪೇಪರ್‌ಗಳ ಕಟ್ಟು ಮೇಜಿನ ಮೇಲೆ ಹಾಗೇ ಕೂತಿದೆ. ಮುಟ್ಟಲು ಮನಸ್ಸಾಗುತ್ತಿಲ್ಲ. ಸ್ಟುಡಿಯೋ ಗೌಡ್ರು ಇವತ್ತು ತೋರಿಸಿದ್ದನ್ನು ಮೊದಲು ಬರೆದುಬಿಡುತ್ತೇನೆ.

ಇಂಜಿನಿಯರಿಂಗ್ ಕಾಲೇಜಿನ ಗೇಟಿನಿಂದ ಫೋಟೋ ವಾಕ್ ಹೊರಟಾಗ ಸೋನೆ ಹಿಡಿದಿತ್ತು. ಸಾಲಗಾಮೆ ರಸ್ತೆ ದಾಟುವ ಮೊದಲೇ ಮಕ್ಕಳ ಎಂದಿನ ಪ್ರಶ್ನೆ ಬಂತು. "ಮೇಡಂ, ಶೆಟ್ಟಿಹಳ್ಳಿಗೆ ಯಾವಾಗ?" ಅವರ ತಪ್ಪಲ್ಲ. ಫೋನ್ ತೆಗೆದರೆ ಹಾಸನ ಅಂದರೆ ಆ ಚರ್ಚೇ ಕಾಣುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಡ್ಯಾಮ್ ಆದ ಮೇಲೆ ಹೇಮಾವತಿ ಹಿನ್ನೀರಿಗೆ ಸಿಕ್ಕಿತು. ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು, ಈಗ ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಂತಿರುತ್ತದೆ. ಮದುವೆಗೆ ಮುಂಚಿನ ಶೂಟಿಂಗ್ ಎಲ್ಲ ಅಲ್ಲೇ. ನಾನು ಮಾತ್ರ ಕಟ್ಟಿನಕೆರೆ ಮಾರ್ಕೆಟ್ಟಿಗೇ ಕರೆದುಕೊಂಡು ಹೋದೆ. ಗೌರಿ ಹಬ್ಬಕ್ಕೆ ಇನ್ನೆರಡೇ ದಿನ. ಇಂಥ ಬೆಳಗ್ಗೆ ಬಿಟ್ಟರೆ ಇನ್ಯಾವಾಗ ಮಾರ್ಕೆಟ್ ನೋಡೋದು?

ಮೊರ, ಬಳೆ, ಬಿಚ್ಚೋಲೆ, ಸೇವಂತಿಗೆ, ಬಾಳೆಕಂಬ. ಕಾಲಿಡಲು ಜಾಗವಿರಲಿಲ್ಲ. ಮಳೆಗೆ ಅಂತ ಎಲ್ಲ ಕಡೆ ನೀಲಿ ಟಾರ್ಪಾಲ್ ಕಟ್ಟಿದ್ದರು.

ಗೌಡ್ರು ಇತ್ತೀಚೆಗೆ ನಮ್ಮ ಜೊತೆ ಬರುತ್ತಾರೆ. ವಿದ್ಯಾನಗರದಲ್ಲಿ ಓದಿದವರಿಗೆಲ್ಲ ಅವರ ಸ್ಟುಡಿಯೋ ಗೊತ್ತು. ಹಾಲ್ ಟಿಕೆಟ್ ಫೋಟೋ, ಬಸ್ ಪಾಸ್ ಫೋಟೋ, ಕೊನೇ ವರ್ಷದ ಗ್ರೂಪ್ ಫೋಟೋ. ಈಗ ಅದರ ಮುಂದಿನ ಅರ್ಧದಲ್ಲಿ ಮಗನ ಜೆರಾಕ್ಸ್ ಅಂಗಡಿ ಇದೆ. ಗೌಡ್ರು ಕ್ಯಾಮೆರಾ ತರುವುದಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಡೆಯುತ್ತಾರೆ, ಮಕ್ಕಳ ಫೋನ್ ಪರದೆಗಳನ್ನು ಇಣುಕಿ ನೋಡುತ್ತಾರೆ.

ಒಬ್ಬ ಹುಡುಗ ಮೊರ ಮಾರುವ ಹೆಂಗಸಿನ ಫೋಟೋ ತೆಗೆದಿದ್ದ. ಒಳ್ಳೆಯ ಚೌಕಟ್ಟು, ಸುತ್ತ ಮೊರಗಳ ರಾಶಿ, ನಡುವೆ ಅವರು. ಆದರೆ ಮುಖ ನೀಲಿ. ಅವನು ಫಿಲ್ಟರ್ ಮೇಲೆ ಫಿಲ್ಟರ್ ಹಾಕುತ್ತಿದ್ದ. ಹಿಂದಿನಿಂದ ಗೌಡ್ರು, "ಅದು ಟಾರ್ಪಾಲ್ ಬಣ್ಣ ಕಣಪ್ಪ. ನೀನೇನು ಮಾಡಿದ್ರೂ ಹೋಗಲ್ಲ. ಆ ಅಮ್ಮನ್ನ ಎರಡು ಹೆಜ್ಜೆ ಈಚೆಗೆ ಕರಿ, ಮೋಡದ ಬೆಳಕು ಬೀಳುತ್ತೆ" ಅಂದರು.

"ಕೇಳಿದ್ರೆ ನ್ಯಾಚುರಲ್ ಆಗಿ ಬರಲ್ಲ ಅಂಕಲ್. ಪೋಸ್ ಕೊಟ್ಟುಬಿಡ್ತಾರೆ."

ಗೌಡ್ರು ಅವನಿಗೆ ಉತ್ತರ ಕೊಡಲಿಲ್ಲ. ಸೀದಾ ಆ ಹೆಂಗಸಿನ ಹತ್ತಿರ ಹೋಗಿ, "ಅವ್ವಾ, ಈ ಹುಡುಗ ನಿಂದೊಂದು ಫೋಟೋ ತೆಗೀತಾನಂತೆ. ಈ ಕಡೆ ಬೆಳಕಿಗೆ ಬರ್ತೀಯಾ?" ಅಂದರು. ಆಕೆ ಸೆರಗು ಸರಿ ಮಾಡಿಕೊಂಡರು. ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಏನನ್ನಿಸಿತೋ, ಮತ್ತೆ ಎತ್ತಿಕೊಂಡರು. ಆಮೇಲೆ ಕೇಳಿದರು, "ನಂಗೂ ಒಂದು ಕೊಡ್ತೀರಾ?"

"ನಂಬರ್ ಹೇಳಿ ಆಂಟಿ, ವಾಟ್ಸಾಪ್ ಮಾಡ್ತೀನಿ."

ಅವರ ಹತ್ತಿರ ಇದ್ದದ್ದು ಕೀಪ್ಯಾಡ್ ಸೆಟ್ಟು. ಹುಡುಗ ನನ್ನ ಮುಖ ನೋಡಿದ. ಗೌಡ್ರೇ ಮಾತು ಕೊಟ್ಟುಬಿಟ್ಟರು. "ಕೊಡ್ತಾನೆ ಅವ್ವಾ. ಹಬ್ಬದೊಳಗೆ ಪ್ರಿಂಟ್ ಹಾಕ್ಸಿ ತಂದು ಕೊಡ್ತಾನೆ."

ಹುಡುಗ ಹೇಳಿದ್ದು ಸುಳ್ಳಲ್ಲ. ಕೇಳಿದ ತಕ್ಷಣ ಮುಖ ಬಿಗಿಯಾಗುತ್ತದೆ, ನಿಜ. ಆದರೆ ಕೇಳಿ, ಒಂದು ಫೋಟೋ ತೆಗೆದು, ಅಲ್ಲೇ ಹತ್ತು ನಿಮಿಷ ನಿಂತರೆ ಗಿರಾಕಿ ಬರುತ್ತಾರೆ, ಚೌಕಾಸಿ ಶುರುವಾಗುತ್ತದೆ, ನಾವಿರುವುದು ಮರೆತೇ ಹೋಗುತ್ತದೆ. ಆಗ ತೆಗೆಯಬೇಕು. ನಾನು ಹೇಳಿಕೊಡುವುದು ಅದನ್ನೇ, ಮುಂದೆಯೂ ಅದನ್ನೇ. ಆ ಹತ್ತು ನಿಮಿಷ ನಿಲ್ಲುವ ತಾಳ್ಮೆ ಕಲಿಸುವುದೇ ಕಷ್ಟ. ಅಪರ್ಚರ್, ಐಎಸ್ಓ ಅಂತ ಕ್ಯಾಮೆರಾದ ಬೆಳಕಿನ ಲೆಕ್ಕವನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಿತುಬಿಡುತ್ತಾರೆ.

ಅಮ್ಮ ಫೋನ್ ಮಾಡಿದ್ದಳು. ಹಬ್ಬಕ್ಕೆ ಸೋಮವಾರ ರಾತ್ರಿಯೇ ಬಾ ಅಂತ. ಬಾಗಿನಕ್ಕೆ ಮೊರ ತಗೊಂಡೆಯಾ ಅಂದಳು. ಮೊರದ ರಾಶಿಯ ಮುಂದೆ ಅಷ್ಟು ಹೊತ್ತು ನಿಂತಿದ್ದೆ, ಒಂದೂ ತಗೊಂಡಿಲ್ಲ. ನಾಳೆ ಹೋಗಬೇಕು.

ಕಾಫಿ ಕುಡಿದು ಎಲ್ಲರೂ ಹಾಸ್ಟೆಲ್, ಪಿಜಿ ಕಡೆ ಚದುರಿದರು. ಮೊರದ ಫೋಟೋ ಹುಡುಗ, ಆಲೂರಿನ ಒಬ್ಬಳು ಹುಡುಗಿ, ನಾನು ಉಳಿದೆವು. "ಪ್ರಿಂಟಿಗೆ ಇಷ್ಟೊಂದು ಯಾಕೆ ಅಂಕಲ್?" ಅಂತ ಹುಡುಗ ಕೇಳಿದ. ಬೇಜಾರಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ. ಗೌಡ್ರು ನಮ್ಮನ್ನು ಸ್ಟುಡಿಯೋಗೆ ಕರೆದುಕೊಂಡು ಹೋದರು.

ಜೆರಾಕ್ಸ್ ಮಿಷನ್ ದಾಟಿ ಒಳಗೆ ಹೋದರೆ ಹಳೆಯ ಕೋಣೆ ಹಾಗೇ ಇದೆ. ಗೋಡೆಗೆ ಸುತ್ತಿಟ್ಟ ಪರದೆ, ಅದರ ಮೇಲೆ ಬರೆದ ಮೆಟ್ಟಿಲು, ಹೂಕುಂಡ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲಿನ ಖಾಲಿ ಡಬ್ಬಗಳು. ಒಂದು ರೋಲಿಗೆ 12 ಫೋಟೋ ಅಷ್ಟೇ, ಹಾಗಾಗಿ ಒಂದು ಕುಟುಂಬಕ್ಕೆ ಒಂದೇ ಸಲ ಬಟನ್ ಒತ್ತುತ್ತಿದ್ದರಂತೆ, ತೀರಾ ಬೇಕಾದರೆ ಎರಡು ಸಲ. ಯಾರಾದರೂ ಕಣ್ಣು ಮುಚ್ಚಿದ್ದರೆ ಅದು ಗೊತ್ತಾಗುವುದು ಫಿಲ್ಮ್ ತೊಳೆದ ಮೇಲೆ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮೊಡವೆ ಕಲೆ ತುಂಬುವುದನ್ನು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ಫಿಲ್ಮ್ ತೊಳೆಯಲು ಬಳಸಿದ ಹೈಪೋ ಅನ್ನುವ ರಾಸಾಯನಿಕದ ನೀರನ್ನೂ ಚೆಲ್ಲುತ್ತಿರಲಿಲ್ಲ. ಫಿಲ್ಮಿನ ಬೆಳ್ಳಿ ಅದರಲ್ಲಿ ಕರಗಿರುತ್ತದಲ್ಲ, ಅದನ್ನು ಕೊಳ್ಳುವವರು ಕ್ಯಾನ್ ಹಿಡಿದು ಬರುತ್ತಿದ್ದರಂತೆ. ಹುಡುಗನಿಗೆ ಇದೇ ದೊಡ್ಡ ಆಶ್ಚರ್ಯ.

ಆಮೇಲೆ ಆ ಡಬ್ಬಿ ತೆಗೆದರು. ಹಿಂದೆ ಫೋಟೋ ಪೇಪರ್ ಬರುತ್ತಿದ್ದ ಚಪ್ಪಟೆ ಡಬ್ಬಿ. ಒಳಗೆ ತುಂಬಾ ಕವರ್‌ಗಳು. ಅಡ್ವಾನ್ಸ್ ಕೊಟ್ಟು ಫೋಟೋ ತೆಗೆಸಿಕೊಂಡು, ಮತ್ತೆ ಬಾರದವರದ್ದು.

"ಗಂಡಿನ ಕಡೆಯವ್ರಿಗೆ ತೋರಿಸೋಕೆ ತೆಗೆಸಿದ್ದು ಇದು," ಅಂತ ಒಂದನ್ನು ಮುಟ್ಟಿದರು, ತೆರೆಯಲಿಲ್ಲ. "ಸಂಬಂಧ ಬೇರೆ ಕಡೆ ಗೊತ್ತಾಯ್ತೋ ಏನೋ. ಇವು ಹಾಸ್ಟೆಲ್ ಹುಡುಗ್ರದ್ದು. ಪರೀಕ್ಷೆ ಮುಗೀತು, ಊರಿಗೆ ಹೋದ್ರು."

"ಬಿಸಾಡಬಹುದಿತ್ತಲ್ಲ ಅಂಕಲ್?"

"ಹೆಂಗೆ ಬಿಸಾಡ್ಲಿ? ಅವರ ಮುಖ ಅಲ್ವಾ? ಅರ್ಧ ದುಡ್ಡೂ ಇಸ್ಕೊಂಡಿದೀನಿ."

ಒಂದು ಕವರ್ ಮಾತ್ರ ತೆರೆದರು. ಗೊರೂರು ಡ್ಯಾಮಿನ ಕಾಲದ್ದು. ಗಂಡ, ಹೆಂಡತಿ, ಒಬ್ಬಳು ಅಜ್ಜಿ, ಮೂರು ಮಕ್ಕಳು. ಎಲ್ಲರ ತಲೆಗೂ ಎಣ್ಣೆ ಹಾಕಿ ಬಾಚಿದೆ. ಅಜ್ಜಿ ಒಬ್ಬಳೇ ಕುರ್ಚಿಯಲ್ಲಿ, ಎರಡೂ ಕೈ ಮೊಣಕಾಲ ಮೇಲೆ. ಊರು ಬಿಡುವ ಮುಂಚೆ ಒಂದು ಫೋಟೋ ಇರಲಿ ಅಂತ ಬಂದಿದ್ದರಂತೆ. ವಾರ ಬಿಟ್ಟು ಬನ್ನಿ ಅಂತ ಗೌಡ್ರು ಹೇಳಿ ಕಳಿಸಿದ್ದರಂತೆ. ಕವರಿನ ಮೇಲೆ ಯಜಮಾನನ ಹೆಸರು, ಊರಿನ ಹೆಸರು. ಆ ಊರು ನೀರಿನಡಿ ಹೋಯಿತು.

"ಪೋಸ್ಟ್ ಮಾಡೋಣ ಅಂದ್ರೆ ಯಾವ ಊರಿಗೆ ಮಾಡ್ಲಿ?" ಅಂದರು ಗೌಡ್ರು.

ನಮ್ಮ ಜಿಲ್ಲೆಯ ಕಲ್ಲುಗಳಿಗೆ ಫೋಟೋದ ಕೊರತೆ ಯಾವತ್ತೂ ಇರಲಿಲ್ಲ. 1856ರಲ್ಲೇ ರಿಚರ್ಡ್ ಬ್ಯಾನರ್ ಓಕ್ಲಿ ಅನ್ನುವವನು ಹಳೇಬೀಡಿನ ದೇವಸ್ಥಾನದ ಫೋಟೋ ತೆಗೆದಿದ್ದ. ಕಾಲೇಜಿನಲ್ಲಿ ಅವನ್ನು ತೋರಿಸಿ ಪಾಠ ಮಾಡಿದ್ದೇನೆ, ಇಷ್ಟಪಟ್ಟೇ ಮಾಡಿದ್ದೇನೆ. ಶೆಟ್ಟಿಹಳ್ಳಿಯ ಗೋಡೆಗಳಿಗಂತೂ ಈಗ ದಿನಾ ಸಾವಿರ ಕ್ಯಾಮೆರಾ. ಆದರೆ ಅದೇ ನೀರಿಗೆ ಮನೆ ಬಿಟ್ಟುಕೊಟ್ಟ ಆರು ಜನರ ಒಂದೇ ಒಂದು ಫೋಟೋ, ಅವರ ಕೈಗೇ ಸಿಗದೆ ಇಲ್ಲಿ ಜೆರಾಕ್ಸ್ ಅಂಗಡಿಯ ಹಿಂದೆ ಇದೆ. ಇದನ್ನು ಹೇಗೆ ತಡೆದುಕೊಳ್ಳಲಿ ಗೊತ್ತಾಗುತ್ತಿಲ್ಲ. ಆ ಮೂರು ಮಕ್ಕಳಿಗೆ ಈಗ ಐವತ್ತು ದಾಟಿರಬಹುದು. ತಮ್ಮ ಅಜ್ಜಿಯ ಮುಖ ಅವರಿಗೆ ನೆನಪಿದೆಯೋ ಇಲ್ಲವೋ.

ಆಲೂರಿನ ಹುಡುಗಿ ಅಲ್ಲಿಯವರೆಗೆ ಸುಮ್ನೆ ಇದ್ದಳು. ಕವರಿನ ಮೇಲಿನ ಊರಿನ ಹೆಸರನ್ನು ಎರಡು ಸಲ ಓದಿದಳು. "ಇದು ನಮ್ಮಜ್ಜಿ ತವರಿನ ಪಕ್ಕದ ಊರು," ಅಂದಳು. "ಅಜ್ಜಿ ತವರೂ ಮುಳುಗಡೆನೇ. ಅವರಿಗೆ ಗೊತ್ತಿರಬಹುದು ಇವ್ರು." ಫೋನ್ ತೆಗೆದು ಫೋಟೋದ ಮೇಲೆ ಹಿಡಿದಳು. ಗೌಡ್ರು ಅಂಗೈ ಅಡ್ಡ ಇಟ್ಟರು.

"ಬೇಡ ಕಣಮ್ಮ. ನಿನ್ ಫೋನಿಗೆ ಬಂದ್ರೆ ಸಂಜೆ ಹೊತ್ತಿಗೆ ಊರೆಲ್ಲ ಸುತ್ತುತ್ತೆ. ಅವರು ನಂಗೆ ಕೂತು ತೆಗೆಸ್ಕೊಂಡಿದ್ದು, ಊರಿಗಲ್ಲ. ಅಜ್ಜೀನೇ ಕರ್ಕೊಂಡು ಬಾ."

"ಊರೆಲ್ಲ ಸುತ್ತಿದ್ರೇನೇ ಅಲ್ವಾ ಅಂಕಲ್ ಅವರು ಸಿಗೋದು?" ಅಂದ ಹುಡುಗ.

ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತಿದೆ. ಮುಳುಗಡೆ ಊರುಗಳವರ ಮಕ್ಕಳು, ಮೊಮ್ಮಕ್ಕಳು ಎಲ್ಲೆಲ್ಲೋ ಇದ್ದಾರೆ. ಒಂದು ಗ್ರೂಪಿಗೆ ಹಾಕಿದರೆ ಎರಡೇ ದಿನದಲ್ಲಿ ಯಾರಾದರೂ ಗುರುತು ಹಿಡಿದಾರು. ಆದರೆ ಆ ಎರಡು ದಿನದಲ್ಲಿ ಆ ಅಜ್ಜಿಯ ಮುಖದ ಮೇಲೆ ಯಾರ್ಯಾರು ಹಾಡು ಸೇರಿಸಿ, ಅಳುವ ಚಿಹ್ನೆ ಹಾಕಿ, 'ಮುಳುಗಿದ ಊರಿನ ಕಥೆ' ಅಂತ ರೀಲ್ ಮಾಡುತ್ತಾರೋ. ಗೌಡ್ರು ಇಷ್ಟು ವರ್ಷ ಕಾಪಾಡಿದ್ದು ಅದಕ್ಕಲ್ಲ. ನಾನು ಈಗ ಗೌಡ್ರ ಕಡೆಯೇ. ಊರಿನ ಹೆಸರು ಸಹ ಇಲ್ಲಿ ಬರೆಯುತ್ತಿಲ್ಲ, ಆ ಕಾರಣಕ್ಕೇ.

ಹುಡುಗ ಸಂಜೆ ಮೆಸೇಜ್ ಮಾಡಿದ್ದ. ಮೊರದ ಅಮ್ಮನ ಪ್ರಿಂಟ್ ಆಗಿದೆಯಂತೆ, ಎರಡು ಕಾಪಿ. ಟಾರ್ಪಾಲಿನಿಂದ ಈಚೆ ಬಂದು ನಿಂತದ್ದೇ ಚೆನ್ನಾಗಿದೆ ಮೇಡಂ ಅಂತ ಬರೆದಿದ್ದ. ನಾಳೆ ಮೊರ ತರಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗುತ್ತೇನೆ. ಅವನೇ ಕೊಡಲಿ.

ಆಲೂರಿನ ಅಜ್ಜಿಗೆ ಮಂಡಿ ನೋವಂತೆ, ಬಸ್ ಹತ್ತುವುದು ಆಗದ ಮಾತು. ಹಾಗಾದರೆ ಡಬ್ಬಿಯೇ ಅಲ್ಲಿಗೆ ಹೋಗಬೇಕು. ಹಬ್ಬ ಕಳೆದ ಮೇಲೆ ಗೌಡ್ರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿಬರಬಹುದು. ಒಪ್ಪುತ್ತಾರಾ? ಆ ಒಂದು ಕವರ್ ಸಾಕು ಅನ್ನಬಹುದು. ಆದರೆ ಡಬ್ಬಿಯಲ್ಲಿ ಬೇರೆ ಮುಳುಗಡೆ ಊರಿನವರೂ ಇದ್ದರೆ, ಕೇಳಲೇ ಇಲ್ಲ ನಾನು ಅದನ್ನು, ಎಷ್ಟೊಂದು ಕವರ್‌ಗಳಿದ್ದವು, ನಾಳೆ ಬೆಳಿಗ್ಗೆಯೇ ಫೋನ್ ಮಾಡಿ