ಪೊಲೀಸರ ಹೆಚ್ಚಾದ್ರ ಕಳುವು ಕಡಿಮಿ ಆಗ್ತಾವೇನ್ರಿ ಮೇಡಂ?

ನಾ ಬಾಗಲಕೋಟ್ಯಾಗ ಅರ್ಥಶಾಸ್ತ್ರ ಕಲಸತೀನಿ, ಪಿಎಚ್‌ಡಿ ಮಾಡಿದ್ದು ಅಪರಾಧದ ಅರ್ಥಶಾಸ್ತ್ರದ ಮ್ಯಾಲ. ಇಷ್ಟ ಗೊತ್ತಾದ್ರ ಮುಗೀತು, ಬಸ್ಸಿನ್ಯಾಗ, ಮದುವ್ಯಾಗ, ಸ್ಟಾಫ್ ರೂಮಿನ್ಯಾಗ ಎಲ್ಲಾರದೂ ಅದ ಪ್ರಶ್ನೆ: "ಪೊಲೀಸರ ಹೆಚ್ಚಾದ್ರ ಕಳುವು ಕಡಿಮಿ ಆಗ್ತಾವೋ ಇಲ್ಲೋ? ಒಂದ ಮಾತಿನ್ಯಾಗ ಹೇಳ್ರಿ." ಆ ಒಂದ ಮಾತಿಗೇ ನನ್ನ ಪಿತ್ತ ನೆತ್ತಿಗೇರತೈತಿ. ಐದ ವರ್ಷ ಕಣ್ಣ ಕೆಡಿಸ್ಕೊಂಡು ಓದಿದ್ದು ಇವರಿಗೆ ಹೋಳಿಗಿಗೆ ತುಪ್ಪ ಹಾಕಿಸ್ಕೊಳ್ಳೂದರಾಗ ಮುಗದಬಿಡಬೇಕು.

ತಗೋರಿ ಹಂಗಾರ: ಕಡಿಮಿ ಆಗ್ತಾವ. ಪೊಲೀಸ ನಿಂತಲ್ಲೆ ಕಡಿಮಿ ಆಗ್ತಾವ. ಸಾಕ?

ಸಾಲಂಗಿಲ್ಲ. ಮುಂದಿಂದ ಬರತೈತಿ: "ಬೆಂಗಳೂರಾಗ ಅಷ್ಟ ಪೊಲೀಸರದಾರ, ಮತ್ತ ಅಲ್ಲೇ ಕಳುವು ಜಾಸ್ತಿ ಯಾಕ?" ಅಯ್ಯ, ದವಾಖಾನ್ಯಾಗ ಡಾಕ್ಟರೂ ಜಾಸ್ತಿ ಜಡ್ಡಿನವ್ರೂ ಜಾಸ್ತಿ, ಹಂಗಂತ ಡಾಕ್ಟರಿಂದ ಜಡ್ಡ ಬರತೈತೇನು? ಕಳುವು ಇದ್ದಲ್ಲೆ ಪೊಲೀಸರನ್ನ ಕಳಸ್ತಾರ. ಈ ಗಂಟ ಬಿಡಸಬೇಕಂದ್ರ ಕಳುವಿಗೆ ಸಂಬಂಧನ ಇಲ್ಲದ ಕಾರಣಕ್ಕ ಪೊಲೀಸರು ಬಂದ ನಿಂತ ಜಾಗಾ ಹುಡಕಬೇಕು. 1994ರ ಜುಲೈದಾಗ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ್ಯಾಗ ಯಹೂದಿಗಳ ಕೇಂದ್ರಕ್ಕ ಬಾಂಬ್ ಇಟ್ರು, 85 ಮಂದಿ ಸತ್ರು, ಆಮ್ಯಾಲ ಸರ್ಕಾರ ಯಹೂದಿಗಳ ಮಂದಿರ, ಸಾಲಿ, ಸಂಘದ ಮುಂದ ಹಗಲೂ ರಾತ್ರಿ ಪೊಲೀಸರನ್ನ ನಿಲ್ಲಿಸ್ತು. ಡಿ ಟೆಲ್ಲಾ ಮತ್ತ ಶಾರ್ಗ್ರೊಡ್ಸ್ಕಿ ಅನ್ನೋ ಅರ್ಥಶಾಸ್ತ್ರಜ್ಞರು ಸುತ್ತಲಿನ ಕಾರ್ ಕಳುವಿನ ಲೆಕ್ಕಾ ತಗದು 2004ರಾಗ ಬರದ್ರು: ಪೊಲೀಸ ನಿಂತ ಬ್ಲಾಕಿನ್ಯಾಗ, ಅಂದ್ರ ಎರಡ ಅಡ್ಡರಸ್ತೆ ನಡುವಿನ ಜಾಗಾದಾಗ, ಕಳುವು ಹೆಚ್ಚುಕಡಿಮಿ ಮುಕ್ಕಾಲ ಪಾಲು ಇಳದೈತಿ. ಎರಡ ಬ್ಲಾಕ್ ಆಚೆ ಏನೂ ಫರಕ್ ಇಲ್ಲ.

ನಮ್ಮ ಅರ್ಥಶಾಸ್ತ್ರದ ಮಂದೀನೂ ತಪ್ಪತಾರ, ಇಲ್ಲನ್ನಂಗಿಲ್ಲ. ಅಮೆರಿಕಾದ ಶಹರಗಳು ಚುನಾವಣೆ ವರ್ಷದಾಗ ಪೊಲೀಸರನ್ನ ಹೆಚ್ಚ ತಗೋತಾವ ಅನ್ನೂದನ್ನ ಹಿಡ್ಕೊಂಡು ಲೆವಿಟ್ 1997ರಾಗ ದೊಡ್ಡ ಸಂಶೋಧನಾ ಪೇಪರ್ ಬರದ, 2002ರಾಗ ಮೆಕ್ರೇರಿ ಅದರ ಲೆಕ್ಕದಾಗ ತಪ್ಪ ತಗದ, ಲೆವಿಟ್ ಒಪ್ಕೊಂಡ. ನಮ್ಮ ಸ್ಟಾಫ್ ರೂಮಿನ್ಯಾಗ ಯಾರರ ಒಪ್ಕೊಂಡಿದ್ದು ನಾ ಇನ್ನೂ ನೋಡಿಲ್ಲ.

ಹೋದ ವರ್ಷ ಮುಧೋಳದ ಕಡೆ ಒಂದ ಮದುವಿ. ಪಂಕ್ತಿಯೊಳಗ ಬಾಜೂಕ ನಮ್ಮ ಕಾಕಾ. "ಏನವಾ, ಕಳ್ಳರ ಮ್ಯಾಲ ಓದಿ, ಒಬ್ಬ ಕಳ್ಳನ್ನರ ಹಿಡದೀಯೇನು?" ಎಲ್ಲಾರೂ ನಕ್ಕರು. ಘಟಪ್ರಭಾ ದಂಡಿಮ್ಯಾಗಿನ ಅವನ ಮೋಟರ್ ಕೇಬಲ್ ಮೂರ ಸಲ ಕಳುವಾಗಿತ್ತು. ಒಂದ ಸಲ ನಾನೂ ಹೋಗಿ ನೋಡಿದ್ದೆ. ಕಬ್ಬಿನ ಬದುವಿನ್ಯಾಗ ಮ್ಯಾಲಿನ ಸಿಪ್ಪಿ ಸುಟ್ಟು ತಾಮ್ರ ಅಷ್ಟ ಎತ್ಕೊಂಡ ಹೋಗಿದ್ರು, ನೆಲಕ್ಕ ಕರ್ರಗ ಅಂಟಿದ ಬೂದಿ, ಮರುದಿನಾನೂ ಪ್ಲಾಸ್ಟಿಕ್ ನಾತ.

"ಕಂಪ್ಲೇಂಟ್ ಕೊಟ್ಟೇನ ಕಾಕಾ?"

"ಸ್ಟೇಶನ್ನಿಗೆ ನಾಕ ಸಲ ಅಡ್ಡಾಡೂದರಾಗ ಕಬ್ಬ ಒಣಗತೈತಿ. ಹೊಸಾದ ತಂದ ಹಾಕಿದ್ನಿ."

ಮೂರ ಕಳುವು, ಕಾಗದದಾಗ ಸೊನ್ನೆ. ನಕ್ಕವರ ಪೈಕಿ ಒಬ್ಬರರ ಇದನ್ನ ಕೇಳಿದ್ರ ನಾ ಹೋಳಿಗಿ ಬಿಟ್ಟು ಉತ್ತರ ಕೊಡ್ತಿದ್ದೆ: ನೀವು ಎಣಸೂದು ಕಳುವೋ, ಕಂಪ್ಲೇಂಟೋ? ಯಾಕಂದ್ರ ಪಂಚಾಯ್ತಿಯೊಳಗ ಹೆಣ್ಣಮಕ್ಕಳಿಗೆ ಮೀಸಲಾತಿ ಬಂದ ಮ್ಯಾಲ ನಮ್ಮ ದೇಶದಾಗ ಅವರ ಮ್ಯಾಲಿನ ಅಪರಾಧದ ದಾಖಲೆ 46% ಏರೇತಿ ಅಂತ ಲಕ್ಷ್ಮಿ ಅಯ್ಯರ್ ಮತ್ತ ಮೂರು ಮಂದಿ 2012ರಾಗ ತೋರಿಸ್ಯಾರ, ಕೇಳಿದ ಕೂಡ್ಲೆ "ನೋಡ್ರಿ ಕಾಲ ಕೆಟ್ಟೈತಿ" ಅಂತಾರ, ಆದ್ರ ಗಂಡಸರ ಮ್ಯಾಲಿನ ಅಪರಾಧ ಏರಿಲ್ಲ, ಅಂದ್ರ ಹೊಡತ ಹೆಚ್ಚಾಗಿದ್ದಲ್ಲ, ಬಾಯಿ ಬಿಟ್ಟು ಹೇಳೋರು ಹೆಚ್ಚಾಗ್ಯಾರ ಅಂತ ಅವರ ವಾದ. ನಂಗೂ ಅದ ಸರಿ ಅನಸತೈತಿ. ನಾಳೆ ಕಾಕಾನಂಥೋರೆಲ್ಲ ಕಂಪ್ಲೇಂಟ್ ಕೊಟ್ರ ನಮ್ಮ ಜಿಲ್ಲಾದಾಗೂ ಕಳುವು ಒಮ್ಮಿಂದೊಮ್ಮೆಲೆ ಏರತಾವ, ಪೇಪರಿನ್ಯಾಗ ದೊಡ್ಡ ಸುದ್ದಿ ಆಗತೈತಿ.

ಅಂದಹಾಂಗ ಕಾಕಾ ನಾಕನೇ ಸಲ ದಪ್ಪಂದು ಅಲ್ಯೂಮಿನಿಯಂ ಕೇಬಲ್ ಹಾಕ್ಯಾನ. ಗುಜರ್ಯಾಗ ಅದಕ್ಕ ತಾಮ್ರದ ರೇಟ್ ಇಲ್ಲಂತ. ಲಂಡನ್ನಿನ ಕಳುವಿನ ಲೆಕ್ಕಾ ತಗದು 2019ರಾಗ ಡ್ರಾಕಾ ಮತ್ತ ಇಬ್ಬರು ಇದನ್ನ ಬರದಾರ: ಸಾಮಾನಿನ ರೇಟ್ ಏರಿದ್ರ ಅದರ ಕಳುವೂ ಏರತೈತಿ, ಲೋಹದ್ದಂತೂ ಜೋರ. ಕಾಕಾಗ ಹೇಳಿದೆ. "ಇದನ್ನ ಹೇಳಾಕ ಲಂಡನ್ನಿಗ್ಯಾಕ ಹೋಗಬೇಕವಾ?" ಅಂದ.