ನೂರಾ ನಲವತ್ತು ಹೆಜ್ಜೆ

ಅಮ್ಮ ಕಾಫಿ ಲೋಟ ಕೊಟ್ಟಾಗ ಗಂಟೆ ಆರೂ ಹತ್ತು. ಅಪ್ಪ ಅದನ್ನು ಬಲಗೈಯಲ್ಲೇ ಹಿಡಿದಿದ್ದರು. ಆರೂಕಾಲಿಗೆ ಲೋಟ ನೆಲದ ಮೇಲಿತ್ತು, ಬಾಯಿ ಎಡಕ್ಕೆ ವಾಲಿತ್ತು, ಮಾತು ತೊದಲುತ್ತಿತ್ತು.

ಲಕ್ವ ಎಂದು ಮೊದಲು ಹೊಳೆದದ್ದು ಅಮ್ಮನಿಗೇ. ಪಕ್ಕದ ಮನೆಯವರು ಎಣ್ಣೆ ತಿಕ್ಕುವವರ ಹೆಸರು ಹೇಳುವಷ್ಟರಲ್ಲಿ ನಾನು ಕಾರು ತೆಗೆದಿದ್ದೆ. ಊರಿನ ನರ್ಸಿಂಗ್ ಹೋಮ್‌ನಲ್ಲಿ ಮಿದುಳಿನ ಒಳಚಿತ್ರ ತೆಗೆಯುವ ಸಿಟಿ ಸ್ಕ್ಯಾನ್ ಯಂತ್ರವೇ ಇಲ್ಲವೆಂದು ತಿಳಿದದ್ದು ಅವರು ಡ್ರಿಪ್ ಹಾಕಿ ಅರ್ಧ ಗಂಟೆ ಕಳೆದ ಮೇಲೆ. ಮೊದಲೇ ವಿಚಾರಿಸದೆ ಹೋದದ್ದು ನನ್ನ ತಪ್ಪು. ಆದರೂ ಎಂಟೂ ಐದಕ್ಕೆ ನಗರದ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಗೆದ್ದೆವು ಎಂದುಕೊಂಡೆ.

ಬಾಗಿಲಿನಿಂದ ಸಿಟಿ ಕೋಣೆಗೆ ನೂರಾ ನಲವತ್ತು ಹೆಜ್ಜೆ. ಆಮೇಲೊಂದು ದಿನ ಎಣಿಸಿದ್ದೇನೆ. ಅಷ್ಟು ದಾಟಲು ಅಪ್ಪನಿಗೆ 67 ನಿಮಿಷ ಬೇಕಾಯಿತು. ಫೈಲ್ ಮಾಡಲು ಆಧಾರ್ ಕೇಳಿದರು, ಅದು ಮನೆಯಲ್ಲಿತ್ತು. ಮುಂಗಡ ಕಟ್ಟುವ ಸಾಲಿನಲ್ಲಿ ನನ್ನ ಮುಂದಿದ್ದವರು ಡಿಸ್ಚಾರ್ಜ್ ಬಿಲ್ಲಿನ ಜಗಳದಲ್ಲಿದ್ದರು. ಕಿರಿಯ ವೈದ್ಯರು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ ಬರಲಿ ಎಂದರು. ಚಿತ್ರ ಸ್ಪಷ್ಟವಾಗಲೆಂದು ಹಾಕುವ ಡೈ ಚುಚ್ಚದ ಸಾದಾ ಸ್ಕ್ಯಾನಿಗೆ ಅದು ಬೇಕೇ ಇಲ್ಲವೆಂದು ನರರೋಗ ತಜ್ಞೆ ಬಂದು ಗದರಿದ ಮೇಲೆಯೇ ಸ್ಟ್ರೆಚರ್ ಅಲುಗಿದ್ದು. ಸ್ಕ್ಯಾನ್ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ.

ಆ ಚಿತ್ರವಿಲ್ಲದೆ ವೈದ್ಯರ ಕೈ ಕಟ್ಟಿದಂತೆ. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದು ಸೋರಿದೆಯೋ ಹೊರಗಿನಿಂದ ಹೇಳಲಾಗದು. ಹೆಪ್ಪು ಕರಗಿಸುವ ಮದ್ದನ್ನು ಸೋರಿದವರಿಗೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಲಕ್ವ ಹೊಡೆದ ಮೇಲೆ ಆ ಮದ್ದು ಕೊಡಲು ಇರುವ ಗಡುವು ನಾಲ್ಕೂವರೆ ಗಂಟೆ. ‘ಕೊನೆಯ ಬಾರಿ ಸರಿಯಿದ್ದದ್ದು ಎಷ್ಟು ಹೊತ್ತಿಗೆ?’ ಎಂದು ತಜ್ಞೆ ಕೇಳಿದಾಗ ಅಮ್ಮನ ಕಾಫಿಯೇ ಸಾಕ್ಷಿ ಹೇಳಿತು. ಅಪ್ಪನದು ಹೆಪ್ಪು. ಒಂಬತ್ತೂ ನಲವತ್ತಕ್ಕೆ ಮದ್ದು ಏರಿತು.

ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಆಂಬುಲೆನ್ಸಿನವರು ದಾರಿಯಿಂದಲೇ ಆಸ್ಪತ್ರೆಗೆ ತಿಳಿಸುತ್ತಾರೆ, ರೋಗಿಯನ್ನು ಅದೇ ಸ್ಟ್ರೆಚರಿನಲ್ಲಿ ನೇರ ಸಿಟಿ ಮೇಜಿಗೆ ಒಯ್ಯುತ್ತಾರೆ, ಮದ್ದನ್ನೂ ಅಲ್ಲೇ ಕೊಡುತ್ತಾರೆ. 2011ರ ಹೊತ್ತಿಗೆ ಅಲ್ಲಿ ಮದ್ದು ಪಡೆದ ಅರ್ಧದಷ್ಟು ಮಂದಿಗೆ, ಬಾಗಿಲು ದಾಟಿದ 20 ನಿಮಿಷದೊಳಗೆ ಸೂಜಿ ಬೀಳುತ್ತಿತ್ತಂತೆ. ನಮಗೆ ಅಷ್ಟರಲ್ಲಿ ಫೈಲಿನ ಸಂಖ್ಯೆಯೂ ಸಿಕ್ಕಿರಲಿಲ್ಲ. ಚಿಕಿತ್ಸೆ ಸಿಗದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಲೆಕ್ಕವನ್ನೂ ಓದಿದೆ. ಅದನ್ನು 67ರಿಂದ ಗುಣಿಸಬಾರದಿತ್ತು, ಗುಣಿಸಿದೆ.

ಅಪ್ಪ ಈಗ ನಡೆಯುತ್ತಾರೆ, ಚೆನ್ನಾಗಿಯೇ ಬೈಯುತ್ತಾರೆ. ಅಂಗಿಯ ಮೇಲಿನ ಗುಂಡಿ ಮಾತ್ರ ಬಲಗೈಗೆ ಸಿಗುವುದಿಲ್ಲ. ಅಮ್ಮ ಹಾಕಲು ಹೋದರೆ ಎಡಗೈಯಿಂದ ತಳ್ಳುತ್ತಾರೆ.