ದುಡಿದು ದಣಿದ ಕುದುರೆಗಳ ನಡುವೆ

ಬೆಂಗಳೂರಿನ ಹೊರವಲಯದಲ್ಲಿರುವ ಕುದುರೆಗಳ ಆಶ್ರಯಧಾಮವೊಂದಕ್ಕೆ ಭಾನುವಾರಗಳಂದು ಸ್ವಯಂಸೇವಕಿಯಾಗಿ ಹೋಗುತ್ತೇನೆ. ಜಟಕಾ ಎಳೆದು, ಮದುವೆಯ ಮೆರವಣಿಗೆಗಳಲ್ಲಿ ಪಟಾಕಿಯ ಸದ್ದು ಸಹಿಸಿ, ಡಾಂಬರು ರಸ್ತೆಯಲ್ಲೇ ಆಯುಷ್ಯ ಸವೆಸಿದ ಈ ಪ್ರಾಣಿಗಳಿಗೆ ಮುದ್ದಿಗಿಂತ ಮೊದಲು ಬೇಕಾಗಿರುವುದು ಗೊರಸಿನ ಆರೈಕೆ. ಕಾಲನ್ನು ಮೆಲ್ಲನೆ ಎತ್ತಿ ಹಿಡಿದು, ಅಡಿಯಲ್ಲಿ ಮೆತ್ತಿಕೊಂಡ ಲದ್ದಿ, ಕೆಸರು, ಕಲ್ಲುಚೂರುಗಳನ್ನು ಕಬ್ಬಿಣದ ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂತುದಿಯ ಕಡೆಗೆ ಕೆರೆದು ತೆಗೆಯಬೇಕು. ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗಕ್ಕೆ ಮೊನೆ ಚುಚ್ಚಬಾರದು. ಹಲ್ಲು ಸವೆದ ಮುದಿ ಕುದುರೆಗಳು ಒಣಹುಲ್ಲನ್ನು ಸರಿಯಾಗಿ ಅಗಿಯಲಾರವಾದ್ದರಿಂದ ಅವಕ್ಕೆ ಬೂಸಾವನ್ನು ನೀರಿನಲ್ಲಿ ನೆನೆಸಿ ಕೊಡುತ್ತೇವೆ. ಕುದುರೆ ವಾಂತಿ ಮಾಡಲಾರದು. ಹೀಗಾಗಿ ಹೊಟ್ಟೆನೋವು ಅದರ ಪ್ರಾಣಕ್ಕೇ ಕುತ್ತಾಗಬಹುದೆಂಬುದನ್ನು ಅರಿಯದೆ, ಪಾಪ, ಪ್ರೀತಿಯಿಂದಲೇ ಬ್ರೆಡ್ಡಿನ ಪೊಟ್ಟಣಗಳನ್ನು ಹೊತ್ತು ತರುವ ಸಂದರ್ಶಕರನ್ನು ತಡೆಯುವುದು, ಲದ್ದಿ ಬಾಚುವುದಕ್ಕಿಂತ ಕಷ್ಟದ ಕೆಲಸ.